ನಾಲ್ಕೂವರಿಗೆ ಏಣಿ ಎತ್ತತಾರ

ಸಿಮೆಂಟ್ ಚೀಲ ಮಾರಿ ಮಾರಿ ಟಾರ್ಗೆಟ್ ಮುಟ್ಟಿದ್ದಕ್ಕ
ಕಂಪನಿಯವರು ಕೊಟ್ಟ ಬಹುಮಾನ,
ನಾಕು ಮಂದಿಗೆ ಹಡಗದ ಪ್ರವಾಸ.
ಮುಂಬೈದಾಗ ಹತ್ತೂದು, ಗೋವಾದಾಗ ಒಮ್ಮೆ ಇಳಿಯೂದು,
ಕೊಚ್ಚಿಯೊಳಗ ಇನ್ನೊಮ್ಮೆ.
ನಮ್ಮ ಯಜಮಾನರಿಗೆ ಹತ್ತೂ ಚಿಂತಿಲ್ಲ,
ಇಳಿಯೂದಽ ಚಿಂತಿ.

“ಹತ್ತಿದವರನ್ನ ಹಡಗು ಒಯ್ತೈತಿ.
ಇಳಿದವರು ತಾವಽ ತಿರಗಿ ಬರಬೇಕು.
ನಾಲ್ಕೂವರಿಗೆ ಏಣಿ ಎತ್ತತಾರ.
ಇಳಕಲ್ ಬಸ್ಸಿನ ಕಂಡಕ್ಟರನ ಹಾಂಗ
ಯಾರರ ಬರಾವ್ರು ಅದಾರೇನ್ರೀ ಅಂತ
ಬಾಗಲದಾಗ ಜೋತುಬಿದ್ದು ಕೂಗೂದಿಲ್ಲ.”

ನವನಗರದ ನಮ್ಮ ಪಡಸಾಲ್ಯಾಗ
ಗೋದಾಮಿನ ಚಲನ್ ಹಿಂದ ಪಟ್ಟಿ ಬೆಳೀತು.
ಆಧಾರ್ ಝೆರಾಕ್ಸ್ ಎರಡೆರಡು, ಅಸಲಿ ಹಡಗದ ಖೋಲ್ಯಾಗಽ ಇರಲಿ.
ಹತ್ತು ಇಪ್ಪತ್ತರ ನೋಟು; ಬಂದರದ ಆಟೋದವರ ಹಂತ್ಯಾಕ
ಚಿಲ್ಲರ ಹುಟ್ಟೂದಿಲ್ಲ.
ಹೊಸಾ ಚಪ್ಪಲಿ ಬ್ಯಾಡ, ಕಚ್ಚತಾವು.
ವಾಚು ಹಡಗದ ಗಡಿಯಾರಕ್ಕ ಹೊಂದಸೂದು.
ಅವ್ವನ ಬಿಪಿ ಗುಳಿಗಿ
ಒಂದು ದಿನದ್ದಲ್ಲ, ಮೂರು ದಿನದ್ದು.
ಯಾಕ ಮೂರು ಅಂತ ಕುಶಾಲ ಕೇಳಿದ.
ಯಾರೂ ಹೇಳಲಿಲ್ಲ.

ನಾ ಮಷೀನ್ ಮುಂದ ಕುಂತು
ಗುಳೇದಗುಡ್ಡದ ಖಣದ ತುಂಡಿನ್ಯಾಗ
ನಾಕು ಚೀಲ ಹೊಲದೆ, ಕೊಳ್ಳಾಗ ಹಾಕ್ಕೊಳ್ಳಾಕ,
ಕಾರ್ಡು ಬೀಳಬಾರದು ಅಂತ ಮ್ಯಾಲ ಒಂದು ಗುಂಡಿ.
ಅತ್ತಿ ನೀಲವ್ವ ಗುರೆಳ್ಳ ಚಟ್ನಿ ಕುಟ್ಟತಿದ್ರು.
“ಹಡಗದಿಂದ ಉಣ್ಣೂದು ಕೆಳಗ ಇಳಸಂಗಿಲ್ಲಂತ, ಯವ್ವಾ.”
“ಕೈಯಾಗ ಇಳಸೂದಿಲ್ಲೋ ಗುರುಬಸೂ,
ಹೊಟ್ಯಾಗ ಇಳಸತೀನಿ.”

ಆದಿತ್ಯವಾರ ತಾಲೀಮು.
ಬಾದಾಮಿ ಸ್ಟೇಷನ್ ಮುಂದ ನಮ್ಮ ಬೊಲೆರೋ ನಿಲ್ಲಿಸಿ
ಇದು ಹಡಗು ಅಂದ್ರು. ಆ ಊರು ಕೊಚ್ಚಿ.
ಒಂಬತ್ತಕ್ಕ ಇಳಿಯೂದು, ಎರಡಕ್ಕ ಏಣಿ.
ಆಟೋದವ ನೂರೈವತ್ತು ಅಂದ, ನೂರಕ್ಕ ಇಳದ.
ಗುಹಿ ಮೆಟ್ಟಲದಾಗ ಒಂದು ಮಂಗ್ಯಾ ಬಂದು
ಕುಶಾಲನ ಕೊಳ್ಳಾಗಿನ ಚೀಲಕ್ಕ ಕೈ ಹಾಕ್ತು.
ಗುಂಡಿ ಗಟ್ಟಿ ಇತ್ತು.
ನನಗ ಅಷ್ಟಽ ಸಾಕಾತು ಆವತ್ತು.

ಎರಡಾತು. ಎರಡೂ ಹತ್ತಾತು.
ನಾನು, ಕುಶಾಲ, ಬಿಸಲು.
ಎರಡೂ ಇಪ್ಪತ್ತಕ್ಕ ಓಡಕೋತ ಬಂದಾವ್ರು
ಪಟ್ಟಿ ಬರದಾವ್ರಽ!
ದಾರ್ಯಾಗ ಒಬ್ಬ ಗಿರಾಕಿ ಸಿಕ್ಕಿದ್ನಂತ,
ನಲವತ್ತು ಚೀಲದ ಬಾಕಿ ಇತ್ತಂತ.
“ಅಪ್ಪಾ, ಹಡಗು ಹೋತು,” ಅಂದ ಕುಶಾಲ.
ಅವರು ಬೊಲೆರೋದ ಬಾಗಲ ತಗದು ನೋಡಿದ್ರ
ಹಿಂದಿನ ಸೀಟಿನ್ಯಾಗ ಕಾಲು ಚಾಚಿ ಅತ್ತಿ,
ಒಂದೂವರಿಗೇ ಬಂದು ಕುಂತಾವ್ರು, ಬಾಯಾಗ ಎಲಿ.

“ಇಷ್ಟ ಲಗೂನ ಯಾಕ ಬಂದಿ ಯವ್ವಾ?”
ಅತ್ತಿ ಕಿಡಕಿಯಿಂದ ಉಗುಳಿ ಬಾಯಿ ಒರಸ್ಕೊಂಡ್ರು.
“ಹಳೇ ಊರಾಗ ನೀರು ಬರೂ ತಾರೀಖು
ಸಾಹೇಬರು ನಮಗ ಹೇಳಿದ್ರು.
ನೀರಿಗೆ ಯಾರೂ ಹೇಳಿರಲಿಲ್ಲ.”
ಮುಂದ ಸೀಮಿಕೇರಿ ದಾಟೂತನಕ
ಗಾಡ್ಯಾಗ ಮಾತಿಲ್ಲ.

ಆವತ್ತ ರಾತ್ರಿ ಪಟ್ಟಿಗೆ ಒಂದು ಸೇರಿತು.
ಚೀಲ ಕಳದ್ರೂ ಕಳೀಬಾರದಂತ
ಹಡಗದ ಹೆಸರು, ಯಜಮಾನರ ಫೋನ್ ನಂಬರು
ಬಾಲ್‌ಪೆನ್ನಿನಿಂದ ಕುಶಾಲನ ಕೈಮ್ಯಾಲ ಬರದೆ.
ಕಚಗುಳಿ ಆಗಿ ನಗತಿದ್ದ.
ಅತ್ತಿ ತಾವಾಗಿ ಸೆರಗು ಸರಿಸಿ
ಎಡಗೈ ಮುಂದ ಮಾಡಿದ್ರು.
“ನನಗೂ ಬರಿ.
ಬಲಗೈ ಬ್ಯಾಡ, ರೊಟ್ಟಿ ಬಡೀಬೇಕು.”

ಬರಿಯೂತನಕ ಅಂಕಿ ನೋಡಕೋತ ಕುಂತ್ರು.
“ನಮ್ಮ ಗ್ವಾಡಿಗೂ ಕೆಂಪು ಬಣ್ಣದಾಗ ಬರದಿದ್ರು ನಂಬರು,
ಸರ್ವೇದವರು. ಮಾವ ತಿಕ್ಕಿ ತಿಕ್ಕಿ ತೊಳದ, ಹೋಗಲಿಲ್ಲ.”
ಆಮ್ಯಾಲ ಸಣ್ಣ ದನಿಯಾಗ
“ಅದು ಹೋಗಾಕ ಬರದದ್ದು.
ಇದು ಬರಾಕ, ಹೌದಿಲ್ಲೊ?”

ಹೌದ್ರಿ ಅತ್ತಿ, ಅಂದೆ,
ಎಂಟಕ್ಕ ಇನ್ನೊಮ್ಮೆ ಪೆನ್ನು ತಿದ್ದಿ.

ಮರುದಿನ ಜಳಕಾ ಮಾಡುವಾಗ
ಎಡಗೈ ನೀರಿನಿಂದ ಹೊರಗ ಹಿಡದಿದ್ರಂತ.
ಹಡಗು ಹತ್ತಾಕ
ಇನ್ನೂ ಹನ್ನೊಂದು ದಿನ ಐತಿ.